ಹೆಗ್ಗಣಕ್ಕೂ ಒಂದು ಹಕ್ಕಿದೆಯೇ?

ಬೆಳಗ್ಗೆ ಹಿತ್ತಿಲ ಬಾಗಿಲು ತೆರೆದಾಗ, ನಿನ್ನೆ ಸಂಜೆ ಗುಡಿಸಿದ್ದ ನೆಲದಲ್ಲಿ ಹಸಿ ಮಣ್ಣಿನ ಗುಪ್ಪೆಯೊಂದು ಎದ್ದಿರುತ್ತದೆ. ಬಚ್ಚಲ ಗೋಡೆಯ ಬುಡದಲ್ಲಿ ಹೊಸದೊಂದು ಬಿಲ ಕಾಣುತ್ತದೆ. ಮರಗೆಣಸಿನ ಗಿಡ ನಿಂತಲ್ಲೇ ಬಾಡಿರುತ್ತದೆ. ಕಿತ್ತು ನೋಡಿದರೆ ಅಡಿಯಲ್ಲಿ ಗೆಡ್ಡೆಯೇ ಇಲ್ಲ. ಹೆಗ್ಗಣದ ಕಾಟ ಅನುಭವಿಸದ ಮನೆ ನಮ್ಮ ಊರುಗಳಲ್ಲಿ ಅಪರೂಪ. ಅದನ್ನು ತೊಲಗಿಸಲು ನಾವು ಬಗೆಬಗೆಯ ಉಪಾಯಗಳನ್ನು ಮಾಡುತ್ತೇವೆ. ಬಿಲಕ್ಕೆ ನೀರು ತುಂಬುತ್ತೇವೆ, ಹೊಗೆ ಹಾಕುತ್ತೇವೆ, ವಿಷವಿಡುತ್ತೇವೆ, ಬೋನಿಡುತ್ತೇವೆ. ಸಿಕ್ಕಿಬಿದ್ದ ಪ್ರಾಣಿಯ ಮೇಲೆ ಇಡೀ ವರ್ಷದ ಸಿಟ್ಟನ್ನು ತೀರಿಸಿಕೊಳ್ಳುವವರೂ ನಮ್ಮಲ್ಲಿದ್ದಾರೆ.

ಇಷ್ಟು ಸಣ್ಣ ವಿಷಯಕ್ಕೂ ಧರ್ಮಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಆದರೆ ಹದೀಸ್ ಗ್ರಂಥಗಳನ್ನು ತೆರೆದು ನೋಡಿ. ಅಲ್ಲಿ ಇಲಿಯ ಪ್ರಸ್ತಾಪವಿದೆ, ಇರುವೆಯ ಪ್ರಸ್ತಾಪವಿದೆ, ನೆಲದ ಬಿಲದ ಪ್ರಸ್ತಾಪವೂ ಇದೆ. ಬಿಲದೊಳಗೆ ಮೂತ್ರ ಮಾಡಬಾರದೆಂದು ಪ್ರವಾದಿವರ್ಯರು(ಸ) ತಡೆದುದನ್ನು ಅಬೂದಾವೂದ್ ವರದಿ ಮಾಡಿದ್ದಾರೆ. ಬಿಲದೊಳಗಿನ ಜೀವಿಯಿಂದ ಮನುಷ್ಯನಿಗಾಗಲಿ, ಮನುಷ್ಯನಿಂದ ಆ ಜೀವಿಗಾಗಲಿ ತೊಂದರೆಯಾಗದಿರಲಿ ಎಂಬುದು ಇದಕ್ಕೆ ವಿದ್ವಾಂಸರು ನೀಡಿರುವ ಕಾರಣಗಳಲ್ಲಿ ಒಂದು. ನೆಲದಡಿಯ ಜೀವಿಯ ಬಗೆಗೂ ಮಾರ್ಗದರ್ಶನ ನೀಡಿದ ಧರ್ಮಕ್ಕೆ ನಮ್ಮ ಹಿತ್ತಿಲು ಹೊರಗಿನದಾಗಲು ಹೇಗೆ ಸಾಧ್ಯ?

ಅನುಮತಿ ಇದೆ

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಿಕೊಳ್ಳೋಣ. ಹಾನಿಕಾರಕ ಜೀವಿಗಳನ್ನು ನಿವಾರಿಸುವುದು ಪಾಪವಲ್ಲ. ಹರಮ್‌ನ ಪವಿತ್ರ ಪ್ರದೇಶದಲ್ಲಿ ಬೇಟೆ ನಿಷಿದ್ಧ. ಅಲ್ಲಿಯೂ ಕೊಲ್ಲಬಹುದಾದ ಐದು ಜೀವಿಗಳನ್ನು ಪ್ರವಾದಿ(ಸ) ಹೆಸರಿಸಿದ್ದಾರೆ. ಕಾಗೆ, ಹದ್ದು, ಚೇಳು, ಕಚ್ಚುವ ಹುಚ್ಚುನಾಯಿ ಇವುಗಳೊಂದಿಗೆ ಇಲಿಯೂ ಆ ಪಟ್ಟಿಯಲ್ಲಿದೆ. ಹ. ಆಯಿಶಾ(ರ)ರ ಈ ವರದಿ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ಮಲಗುವ ಮುನ್ನ ದೀಪ ಆರಿಸಿರಿ, ಇಲಿಯು ಬತ್ತಿಯನ್ನು ಎಳೆದೊಯ್ದು ಮನೆಮಂದಿಯನ್ನೇ ಸುಟ್ಟೀತು ಎಂಬ ಎಚ್ಚರಿಕೆಯೂ ಬುಖಾರಿಯಲ್ಲಿದೆ.

ಈ ಅನುಮತಿಯ ಅಗತ್ಯ ನಮಗೆ ಅನುಭವದಿಂದಲೇ ಗೊತ್ತು. ಹೆಗ್ಗಣವು ಗೋಡೆಯ ಅಡಿಪಾಯದ ಕೆಳಗೆ ಸುರಂಗ ತೋಡುತ್ತದೆ. ಮಳೆಗಾಲದಲ್ಲಿ ಆ ಸುರಂಗಕ್ಕೆ ನೀರು ನುಗ್ಗಿ ನೆಲ ಕುಸಿಯುತ್ತದೆ. ಭತ್ತದ ತೆನೆಗಳನ್ನು ಕತ್ತರಿಸಿ ಬಿಲದೊಳಗೆ ರಾಶಿ ಹಾಕುತ್ತದೆ. ತಿನ್ನುವುದಕ್ಕಿಂತ ಹೆಚ್ಚನ್ನು ಕೂಡಿಡುವುದು ಅದರ ಸ್ವಭಾವ. ಒಂದು ಸಲಕ್ಕೆ 5ರಿಂದ 10 ಮರಿಗಳನ್ನು ಹಾಕುವುದರಿಂದ ಸಂತತಿ ಬೇಗ ಬೆಳೆಯುತ್ತದೆ. ಇಲಿಜ್ವರವೆಂದು ಕರೆಯಲಾಗುವ ಲೆಪ್ಟೊಸ್ಪೈರೋಸಿಸ್ ಇವುಗಳ ಮೂತ್ರ ಬೆರೆತ ನೀರಿನಿಂದ, ಕಾಲಿನ ಸಣ್ಣ ಗಾಯದ ಮೂಲಕವೂ, ನಮ್ಮ ದೇಹವನ್ನು ಸೇರುತ್ತದೆ. ಮಳೆಗಾಲದಲ್ಲಿ ಕರಾವಳಿಯವರಿಗೆ ಇದರ ಭೀತಿ ಹೊಸದಲ್ಲ. ಇಲಿಯ ಮೈಮೇಲಿನ ಚಿಗಟಗಳಿಂದ ಹರಡುವ ಪ್ಲೇಗ್ 1898ರಲ್ಲಿ ಬೆಂಗಳೂರನ್ನು ನಡುಗಿಸಿತು. 1994ರಲ್ಲಿ ಸೂರತ್ ನಗರದಿಂದ ಜನರು ಗುಂಪುಗುಂಪಾಗಿ ಪಲಾಯನ ಮಾಡಿದುದು ಹಲವರ ನೆನಪಿನಲ್ಲಿರಬಹುದು. ಆದ್ದರಿಂದ ದಯೆಯ ಹೆಸರಿನಲ್ಲಿ ಕೈಕಟ್ಟಿ ಕೂರಬೇಕೆಂದು ಇಸ್ಲಾಮ್ ಹೇಳುವುದಿಲ್ಲ. ಮಕ್ಕಳ ಆರೋಗ್ಯ, ಮನೆಯ ಭದ್ರತೆ, ರೈತನ ಅನ್ನ ಇವೆಲ್ಲವೂ ರಕ್ಷಿಸಲೇಬೇಕಾದ ಅಮಾನತ್ತುಗಳು.

ಶಿಕ್ಷೆಯೋ, ಹಾನಿ ನಿವಾರಣೆಯೋ?

ಹಾಗಾದರೆ ಪ್ರಶ್ನೆ ಇರುವುದೆಲ್ಲಿ? ತರಗತಿಯಲ್ಲಿ ಈ ಐದು ಜೀವಿಗಳ ಹದೀಸನ್ನು ಓದುತ್ತಿದ್ದಾಗ ಹುಡುಗನೊಬ್ಬ ಎದ್ದು ನಿಂತು, "ಉಸ್ತಾದ್, ಕೊಲ್ಲಲು ಅನುಮತಿ ಇದೆ ಎಂದ ಮೇಲೆ ಹೇಗೆ ಕೊಂದರೇನು? ಹೇಗೂ ಸಾಯುತ್ತದಲ್ಲ?" ಎಂದು ಕೇಳಿದ. ಉಳಿದ ಮಕ್ಕಳು ನಕ್ಕರು. ಆದರೆ ಆ ಪ್ರಶ್ನೆ ನಗುವಂಥದ್ದಲ್ಲ. ನಮ್ಮಲ್ಲಿ ಅನೇಕ ಹಿರಿಯರು ಬಾಯಿಬಿಟ್ಟು ಕೇಳದೆಯೇ ಅದಕ್ಕೆ ಉತ್ತರ ಕೊಟ್ಟುಕೊಂಡಿದ್ದಾರೆ, ಆ ಉತ್ತರದಂತೆಯೇ ನಡೆಯುತ್ತಲೂ ಇದ್ದಾರೆ.

ಈ ಪ್ರಶ್ನೆಯನ್ನು ಬಿಡಿಸಲು ಹದೀಸಿನಲ್ಲಿ ಬಂದಿರುವ ಒಂದು ಪದವನ್ನು ಗಮನಿಸಿ. ಆ ಐದು ಜೀವಿಗಳನ್ನು 'ಫವಾಸಿಕ್' ಎಂದು ಕರೆಯಲಾಗಿದೆ. 'ಫಿಸ್ಕ್' ಎಂದರೆ ಪಾಪ, ದುರ್ನಡತೆ ಎಂದು ನಾವು ಸಾಮಾನ್ಯವಾಗಿ ಅರ್ಥ ಮಾಡುತ್ತೇವೆ. ಆದರೆ ಅರಬೀ ಭಾಷೆಯಲ್ಲಿ ಅದರ ಮೂಲ ಅರ್ಥ ಹೊರಬರುವುದು ಎಂದಾಗಿದೆ. ಖರ್ಜೂರದ ಹಣ್ಣು ಸಿಪ್ಪೆಯಿಂದ ಹೊರಬಂದರೂ ಇದೇ ಪದವನ್ನು ಬಳಸುತ್ತಾರೆ. ಇಲಿಯು ಬಿಲದಿಂದ ಹೊರಬಂದು ಜನರಿಗೆ ಹಾನಿ ಮಾಡುವುದರಿಂದ ಅದಕ್ಕೆ ಆ ಹೆಸರು ಬಂತು ಎಂದು ಭಾಷಾ ವಿದ್ವಾಂಸರು ವಿವರಿಸಿದ್ದಾರೆ. ಪ್ರಾಣಿಗೆ ಧರ್ಮದ ವಿಧಿನಿಷೇಧಗಳಿಲ್ಲ. ಅದು ಕಳ್ಳನೂ ಅಲ್ಲ, ವೈರಿಯೂ ಅಲ್ಲ. ನಮ್ಮ ಗೋಡೆ ಯಾವುದು, ಗುಡ್ಡದ ಮಣ್ಣು ಯಾವುದು ಎಂಬ ಭೇದ ಅದಕ್ಕೆ ತಿಳಿಯದು. ತನ್ನನ್ನು ಸೃಷ್ಟಿಸಿದವನು ತನಗೆ ಕೊಟ್ಟ ಸ್ವಭಾವದಂತೆ ಅದು ಮಣ್ಣು ಅಗೆಯುತ್ತದೆ, ಮರಿಗಳಿಗಾಗಿ ಕಾಳು ಕೂಡಿಡುತ್ತದೆ.

ಇಷ್ಟು ಒಪ್ಪಿಕೊಂಡರೆ ಉಳಿದುದು ತಾನಾಗಿ ಸ್ಪಷ್ಟವಾಗುತ್ತದೆ. ಅಪರಾಧವಿಲ್ಲದಲ್ಲಿ ಶಿಕ್ಷೆಯೂ ಇಲ್ಲ. ಹೆಗ್ಗಣವನ್ನು ಕೊಲ್ಲುವುದು ಹಾನಿಯ ನಿವಾರಣೆಯೇ ಹೊರತು ದಂಡನೆಯಲ್ಲ. ಹಾನಿ ನಿವಾರಣೆಗೆ ಅದರ ಸಾವು ಅಗತ್ಯವಾಗಬಹುದು. ಅದರ ನರಳಾಟ ಯಾವ ಕಾಲಕ್ಕೂ ಅಗತ್ಯವಲ್ಲ. ಅದು ಎರಡು ದಿನ ನರಳಿ ಸತ್ತರೆ ನಮ್ಮ ಗೋಡೆ ಹೆಚ್ಚು ಗಟ್ಟಿಯಾಗುವುದಿಲ್ಲ, ಒಂದು ಕ್ಷಣದಲ್ಲಿ ಸತ್ತರೆ ನಮ್ಮ ಭತ್ತ ಕಡಿಮೆಯಾಗುವುದಿಲ್ಲ. ನರಳಾಟದಿಂದ ತಣಿಯುವುದು ನಮ್ಮ ಕೋಪ ಮಾತ್ರ. ಆ ಕೋಪಕ್ಕೆ ಶರೀಅತ್ ಯಾವ ಅನುಮತಿಯನ್ನೂ ಕೊಟ್ಟಿಲ್ಲ.

ಅಲ್ಲಾಹನು ಪ್ರತಿಯೊಂದು ವಿಷಯದಲ್ಲೂ ಇಹ್ಸಾನ್ ಅಂದರೆ ಉತ್ತಮ ರೀತಿಯನ್ನು ಕಡ್ಡಾಯಗೊಳಿಸಿದ್ದಾನೆ, ಕೊಲ್ಲುವಾಗಲೂ ಅದನ್ನು ಪಾಲಿಸಬೇಕು, ಕೊಯ್ಯುವವನು ಚೂರಿಯನ್ನು ಹರಿತಗೊಳಿಸಿ ಪ್ರಾಣಿಗೆ ನೆಮ್ಮದಿ ನೀಡಬೇಕು ಎಂದು ಪ್ರವಾದಿ(ಸ) ಕಲಿಸಿದ್ದನ್ನು ಹ. ಶದ್ದಾದ್ ಬಿನ್ ಔಸ್(ರ) ವರದಿ ಮಾಡಿದ್ದಾರೆ (ಮುಸ್ಲಿಮ್). ಈ ಹದೀಸನ್ನು ನಾವು ಬಕ್ರೀದ್ ಸಮಯದಲ್ಲಿ ಮಾತ್ರ ನೆನಪಿಸಿಕೊಳ್ಳುತ್ತೇವೆ. ಆದರೆ ಅದರಲ್ಲಿರುವುದು 'ಪ್ರತಿಯೊಂದು' ಎಂಬ ಪದ. ಕುರಿಗೆ ಆ ಹಕ್ಕಿದ್ದು ಹೆಗ್ಗಣಕ್ಕೆ ಇಲ್ಲವೆಂದು ಯಾರು ಹೇಳಿದರು? ಭೂಮಿಯ ಮೇಲೆ ನಡೆಯುವ ಪ್ರಾಣಿಗಳೂ ಹಾರುವ ಹಕ್ಕಿಗಳೂ ನಿಮ್ಮಂತೆಯೇ ಸಮುದಾಯಗಳಾಗಿವೆ ಎಂಬ ಅರ್ಥದ ಸೂಕ್ತ ಸೂರಃ ಅಲ್ ಅನ್‌ಆಮ್‌ನಲ್ಲಿದೆ (6:38). ಅಲ್ಲಿಯೂ ಯಾವ ಪ್ರಾಣಿಯನ್ನೂ ಹೊರತುಪಡಿಸಲಾಗಿಲ್ಲ.

ಈಗ ನಮ್ಮ ಶೀರ್ಷಿಕೆಯ ಪ್ರಶ್ನೆಗೆ ಉತ್ತರ ಸಿಕ್ಕಿತು. ಹೌದು, ಹೆಗ್ಗಣಕ್ಕೂ ಒಂದು ಹಕ್ಕಿದೆ. ಅದು ನಮ್ಮ ಮನೆಯಲ್ಲಿ ವಾಸಿಸುವ ಹಕ್ಕಲ್ಲ. ಅನಗತ್ಯವಾಗಿ ಹಿಂಸೆಗೊಳಗಾಗದಿರುವ ಹಕ್ಕು. ಆ ಹಕ್ಕನ್ನು ಕೊಟ್ಟವನು ಅದರ ಒಡೆಯ. ನಾವು ಅದನ್ನು ಇಷ್ಟಪಡುತ್ತೇವೆಯೇ ಇಲ್ಲವೇ ಎಂಬುದರ ಮೇಲೆ ಅದು ನಿಂತಿಲ್ಲ.

ನಮ್ಮ ಉಪಾಯಗಳನ್ನು ತೂಗಿ ನೋಡೋಣ

ಬೋನಿಗೆ ಬಿದ್ದ ಇಲಿಯ ಮೇಲೆ ಸೀಮೆಎಣ್ಣೆ ಸುರಿದು ಬೆಂಕಿ ಹಚ್ಚುವ ದುಷ್ಟ ಅಭ್ಯಾಸವನ್ನು ಕೆಲವೆಡೆ ಕಾಣುತ್ತೇವೆ. ಇದು ನಿಸ್ಸಂದೇಹವಾಗಿ ತಪ್ಪು. ಪ್ರಯಾಣವೊಂದರಲ್ಲಿ ಇರುವೆಯ ಗೂಡು ಸುಟ್ಟಿರುವುದನ್ನು ಕಂಡ ಪ್ರವಾದಿ(ಸ), ಬೆಂಕಿಯಿಂದ ಶಿಕ್ಷಿಸುವ ಅಧಿಕಾರ ಬೆಂಕಿಯ ಒಡೆಯನಿಗೆ ಮಾತ್ರ ಎಂದು ಎಚ್ಚರಿಸಿದರು (ಅಬೂದಾವೂದ್). ಒಂದು ಇರುವೆ ಕಚ್ಚಿತೆಂದು ಇಡೀ ಗೂಡನ್ನೇ ಸುಡಿಸಿದ ಹಿಂದಿನ ಪ್ರವಾದಿಯೊಬ್ಬರನ್ನು ಅಲ್ಲಾಹನು ಆಕ್ಷೇಪಿಸಿದ ಪ್ರಸಂಗ ಬುಖಾರಿ, ಮುಸ್ಲಿಮ್‌ಗಳಲ್ಲಿದೆ. ಇಲಿ ಹೆಚ್ಚಿದವೆಂದು ಮನೆಗೆ ಬೆಂಕಿ ಇಟ್ಟಂತೆ ಎಂಬ ಗಾದೆ ಕನ್ನಡದಲ್ಲಿದೆ. ಮನೆ ಉಳಿಸಿಕೊಂಡು ಇಲಿಗೆ ಬೆಂಕಿ ಇಡುವವನು ಅದಕ್ಕಿಂತ ಜಾಣನೇನಲ್ಲ. ಅವನು ಸುಡುತ್ತಿರುವುದು ತನ್ನ ಮನಸ್ಸಿನ ಮೃದುತ್ವವನ್ನು.

ಬೋನನ್ನು ಬಕೆಟ್ ನೀರಿನಲ್ಲಿ ಮುಳುಗಿಸುವುದು ಹೆಚ್ಚಿನ ಮನೆಗಳ ರೂಢಿ. ಆದರೆ ಇಲಿ ಈಜಬಲ್ಲ ಪ್ರಾಣಿ. ಅದು ಕೂಡಲೇ ಸಾಯದೆ ಉಸಿರಿಗಾಗಿ ಹೋರಾಡುತ್ತದೆ. ಅಂಟು ಹಲಗೆಯಂತೂ ಇನ್ನೂ ಕೆಟ್ಟದು. ಅಂಟಿಕೊಂಡ ಪ್ರಾಣಿ ಹಸಿವು ಬಾಯಾರಿಕೆಗಳಿಂದ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ನರಳುತ್ತದೆ. ಓತಿಕ್ಯಾತ, ಹಲ್ಲಿ, ಸಣ್ಣ ಹಕ್ಕಿಗಳೂ ಅದಕ್ಕೆ ಬಲಿಯಾಗುತ್ತವೆ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯು 2011ರಲ್ಲೇ ಇದರ ವಿರುದ್ಧ ಸೂಚನೆ ಹೊರಡಿಸಿದೆ. ತಿನ್ನಲೂ ಕೊಡದೆ, ನೆಲದ ಜಂತುಗಳನ್ನು ಹಿಡಿದು ತಿನ್ನಲೂ ಬಿಡದೆ ಬೆಕ್ಕೊಂದನ್ನು ಕೂಡಿಹಾಕಿ ಸಾಯಿಸಿದ ಸ್ತ್ರೀಗೆ ನರಕ ಶಿಕ್ಷೆಯಾಯಿತೆಂಬ ಹದೀಸ್ ನಮಗೆಲ್ಲ ಬಾಯಿಪಾಠ. ಆ ಹದೀಸ್ ಬಲ್ಲವರ ಮನೆಯಲ್ಲೇ ಅಂಟು ಹಲಗೆ ಇರುವುದು ಎಷ್ಟು ವಿಚಿತ್ರ!

ವಿಷದ ವಿಷಯದಲ್ಲಿ ಪ್ರಶ್ನೆ ಹೆಗ್ಗಣವನ್ನೂ ದಾಟಿ ಹೋಗುತ್ತದೆ. ಬ್ರೊಮಡಿಯೊಲೋನ್ ಎಂಬ ವಿಷದ ಬಿಲ್ಲೆಗಳು ರಕ್ತ ಹೆಪ್ಪುಗಟ್ಟದಂತೆ ಮಾಡುತ್ತವೆ. ಅದನ್ನು ತಿಂದ ಇಲಿ ಒಳಗೊಳಗೇ ರಕ್ತಸ್ರಾವವಾಗಿ ಹಲವು ದಿನಗಳ ಬಳಿಕ ಸಾಯುತ್ತದೆ. ಆ ದಿನಗಳಲ್ಲಿ ಮಂಕಾಗಿ ಅಲೆಯುವ ಅದನ್ನು ಹಿಡಿದು ತಿಂದ ಬೆಕ್ಕಿಗೂ ಗೂಬೆಗೂ ಅಪಾಯವಿದೆ. ಜಿಂಕ್ ಫಾಸ್ಫೈಡ್ ಬೇಗ ಕೊಲ್ಲುತ್ತದೆ. ಆದರೆ ಸ್ವಲ್ಪ ತಿಂದು ಬದುಕಿ ಉಳಿದ ಇಲಿ ಮತ್ತೆ ಆ ಆಹಾರವನ್ನು ಮುಟ್ಟುವುದಿಲ್ಲ. ಹಳದಿ ರಂಜಕವಿರುವ ಪೇಸ್ಟ್ ಮನುಷ್ಯನ ಪಿತ್ತಜನಕಾಂಗವನ್ನೇ ನಾಶ ಮಾಡುತ್ತದೆ. ಅದಕ್ಕೆ ನಿರ್ದಿಷ್ಟ ಪ್ರತಿವಿಷವಿಲ್ಲ. ಅಂಬೆಗಾಲಿಕ್ಕುವ ಮಗುವಿರುವ ಮನೆಯಲ್ಲಿ ಅದನ್ನು ಬ್ರೆಡ್ಡಿಗೆ ಸವರಿ ಇಡುವವರು ಒಮ್ಮೆ ಯೋಚಿಸಬೇಕು.

ಎಲ್ಲಕ್ಕಿಂತ ಭಯಾನಕವಾದುದು ಬಿಲಕ್ಕೆ ಹಾಕುವ ಅಲ್ಯುಮಿನಿಯಂ ಫಾಸ್ಫೈಡ್ ಮಾತ್ರೆ. ತೇವಾಂಶ ತಗಲಿದೊಡನೆ ಅದು ವಿಷಾನಿಲವಾಗುತ್ತದೆ. ಬಿಲದ ಬಾಯಿಯನ್ನು ನಾವು ಮುಚ್ಚಬಹುದು. ಆದರೆ ಬಿಲದ ಇನ್ನೊಂದು ತುದಿ ಎಲ್ಲಿದೆ ಎಂದು ನಮಗೆ ತಿಳಿಯದು. ಅದು ಪಕ್ಕದ ಮನೆಯ ಮಲಗುವ ಕೋಣೆಯ ಕೆಳಗಿರಬಹುದು. ಗೋಡೆಯ, ನೆಲದ ಬಿರುಕಿನಿಂದ ಬಂದ ಈ ಅನಿಲಕ್ಕೆ ಮಲಗಿದ್ದಲ್ಲೇ ಮಕ್ಕಳು ಸತ್ತ ಘಟನೆಗಳು ನಮ್ಮ ದೇಶದಲ್ಲಿ ಒಂದೆರಡಲ್ಲ. ಇದನ್ನು ಸಾರ್ವಜನಿಕರಿಗೆ ಮಾರಲು ಕಾನೂನಿನ ಅನುಮತಿಯಿಲ್ಲ. ತರಬೇತಾದವರು ಮಾತ್ರ ಬಳಸಬೇಕು. ಹಾನಿ ಮಾಡಲೂಬಾರದು, ಹಾನಿಗೆ ಪ್ರತಿಯಾಗಿ ಹಾನಿ ಎಸಗಲೂಬಾರದು ಎಂಬುದು ಪ್ರವಾದಿ(ಸ)ರ ಮಾತಿನಿಂದ ಬಂದ ಮೂಲ ನಿಯಮ (ಇಬ್ನುಮಾಜ). ತನ್ನ ಅಂಗಳದ ಹೆಗ್ಗಣಕ್ಕಾಗಿ ನೆರೆಯವನ ಮಗುವಿನ ಉಸಿರನ್ನು ಪಣಕ್ಕಿಡುವವನು ಅಂದು ಅಲ್ಲಾಹನ ಮುಂದೆ ಏನು ಹೇಳುತ್ತಾನೆ?

ಇನ್ನು, ದಯೆ ತೋರಿಸುತ್ತೇವೆಂದು ಬೋನಿನಲ್ಲಿ ಹಿಡಿದ ಹೆಗ್ಗಣವನ್ನು ರಾತ್ರಿ ಚೀಲದಲ್ಲಿ ಒಯ್ದು ಇನ್ನೊಬ್ಬರ ತೋಟದ ಬಳಿ ಬಿಟ್ಟು ಬರುವವರೂ ಇದ್ದಾರೆ. ಇದು ದಯೆಯಲ್ಲ. ತನ್ನ ತೊಂದರೆಯನ್ನು ನೆರೆಯವನ ತಲೆಗೆ ಕಟ್ಟುವುದಷ್ಟೆ. ಹಾಗೆ ಬಿಡುವುದಕ್ಕಿಂತ ಅಲ್ಲೇ ಒಂದು ಬಲವಾದ ಏಟಿಗೆ, ಅಥವಾ ಬಿಗಿಯಾದ ಸ್ಪ್ರಿಂಗಿನ ಬೋನಿನಿಂದ, ಕ್ಷಣಮಾತ್ರದಲ್ಲಿ ಕೊನೆಗಾಣಿಸುವುದು ಪ್ರಾಣಿಗೂ ನೆರೆಯವನಿಗೂ ಮಾಡುವ ನ್ಯಾಯ. ಆ ಕೆಲಸವನ್ನು ದೊಡ್ಡವರೇ ಮಾಡಬೇಕು. ಮಕ್ಕಳ ಕೈಗೆ ಕೊಟ್ಟು ಬಾಲಕ್ಕೆ ದಾರ ಕಟ್ಟಿ ಆಡಲು ಬಿಡಬಾರದು. ಹಕ್ಕಿಯನ್ನು ಕಟ್ಟಿಹಾಕಿ ಗುರಿ ಹೊಡೆಯುತ್ತಿದ್ದ ಯುವಕರನ್ನು ಕಂಡ ಹ. ಇಬ್ನು ಉಮರ್(ರ), ಜೀವವಿರುವುದನ್ನು ಗುರಿಯಾಗಿಸುವವರನ್ನು ಪ್ರವಾದಿ(ಸ) ಶಪಿಸಿದ್ದಾರೆಂದು ನೆನಪಿಸಿದರು. ಇಲಿಯ ಸಂಕಟವನ್ನು ನೋಡಿ ನಗಲು ಕಲಿತ ಮಗು ನಾಳೆ ಮನುಷ್ಯನ ಸಂಕಟವನ್ನು ನೋಡಿ ಅಳುವುದೆಂದು ಖಾತರಿಯೇನು?

ತಪ್ಪಿತಸ್ಥ ಯಾರೆಂದು ತಿಳಿದಿದೆಯೇ?

ಸುದ್ದಿ ಬಂದರೆ ಪರಿಶೀಲಿಸಿರಿ, ತಿಳಿಯದೆ ನಿರಪರಾಧಿಗಳಿಗೆ ಹಾನಿ ಮಾಡಿ ಬಳಿಕ ಪಶ್ಚಾತ್ತಾಪ ಪಡುವಂತಾಗದಿರಲಿ ಎಂದು ಕುರ್‌ಆನ್ ಕಲಿಸುತ್ತದೆ (49:6). ಅದು ಮನುಷ್ಯರ ಬಗ್ಗೆ ಬಂದ ಸೂಕ್ತ. ಆದರೆ ಆ ಪಾಠ ಹಿತ್ತಿಲಲ್ಲೂ ಉಪಯೋಗಕ್ಕೆ ಬರುತ್ತದೆ. ಉದ್ದ ಮೂಗಿನ, ಕೆಟ್ಟ ವಾಸನೆಯ ಸುಂಡಿಲಿಯನ್ನು ನಾವು ಇಲಿಯೆಂದೇ ತಿಳಿದು ಕೊಲ್ಲುತ್ತೇವೆ. ವಾಸ್ತವದಲ್ಲಿ ಅದು ಇಲಿಯ ಜಾತಿಯೇ ಅಲ್ಲ. ಜಿರಲೆ ಮತ್ತಿತರ ಹುಳಗಳು ಅದರ ಮುಖ್ಯ ಆಹಾರ. ತೆಂಗಿನ ಮರವೇರಿ ಎಳೆಗಾಯಿ ತೂತು ಮಾಡುವ ಇಲಿ ಬೇರೆ, ನೆಲ ಕೊರೆಯುವ ಹೆಗ್ಗಣ ಬೇರೆ. ಒಂದರ ತಪ್ಪಿಗೆ ಇನ್ನೊಂದರ ಬಿಲಕ್ಕೆ ವಿಷವಿಟ್ಟು ಪ್ರಯೋಜನವಿಲ್ಲ.

ವಿಷವಿಲ್ಲದ ಕೇರೆ ಹಾವು ಇಲಿಗಳ ಬಿಲದೊಳಗೇ ನುಗ್ಗಿ ಅವುಗಳನ್ನು ತಿನ್ನುತ್ತದೆ. ನಾವು ಅದನ್ನು ಕಂಡಲ್ಲಿ ದೊಣ್ಣೆ ಎತ್ತುತ್ತೇವೆ. ಕಣಜ ಗೂಬೆ ಒಂದೇ ರಾತ್ರಿಯಲ್ಲಿ ಎರಡು ಮೂರು ಇಲಿಗಳನ್ನು ಹಿಡಿಯಬಲ್ಲದು. ಅದು ಮಾಡಿನ ಮೇಲೆ ಕುಳಿತು ಕೂಗಿದರೆ ಸಾವಿನ ಮುನ್ಸೂಚನೆಯೆಂದು ಕಲ್ಲೆಸೆಯುತ್ತೇವೆ. 'ಹಾಮಾ' ಎಂಬುದಿಲ್ಲ ಎಂದು ಪ್ರವಾದಿ(ಸ) ಹೇಳಿರುವುದು ಬುಖಾರಿಯಲ್ಲಿದೆ. ಗೂಬೆ ಮನೆಯ ಮೇಲೆ ಕುಳಿತರೆ ಆ ಮನೆಯಲ್ಲಿ ಸಾವಾಗುತ್ತದೆಂಬ ಅರಬರ ನಂಬಿಕೆಯನ್ನು ಇದು ಅಳಿಸಿತೆಂದು ವ್ಯಾಖ್ಯಾನಕಾರರು ವಿವರಿಸಿದ್ದಾರೆ. ಅಂದು ಅಳಿಸಿದ ಮೂಢನಂಬಿಕೆಯನ್ನು ಇಂದೂ ಕಾಪಾಡಿಕೊಂಡು, ಅಲ್ಲಾಹನೇ ಕಳುಹಿಸಿದ ಇಲಿಬೇಟೆಗಾರನನ್ನು ಓಡಿಸಿ, ಬಳಿಕ ಅಂಗಡಿಗೆ ಹೋಗಿ ವಿಷ ಕೊಂಡು ತರುತ್ತೇವೆ!

ಆಹ್ವಾನಿಸಿದವರು ಯಾರು?

ಹೆಗ್ಗಣ ನಮ್ಮ ಹಿತ್ತಿಲಿಗೇ ಏಕೆ ಬಂತು ಎಂದು ನಾವು ಕೇಳಿಕೊಳ್ಳುವುದಿಲ್ಲ. ಮದುವೆಯ ಮರುದಿನ ಹಿತ್ತಿಲ ಮೂಲೆಯಲ್ಲಿ ಸುರಿದ ಬಿರಿಯಾನಿ, ಕುರ್ಬಾನಿಯ ಬಳಿಕ ಆಳವಾಗಿ ಹೂಳದೆ ಬಿಟ್ಟ ತ್ಯಾಜ್ಯ, ಪಾತ್ರೆ ತೊಳೆದ ನೀರಿನೊಂದಿಗೆ ಚರಂಡಿ ಸೇರುವ ಅನ್ನದ ಅಗುಳು ಇವೆಲ್ಲ ಅದಕ್ಕೆ ನಾವೇ ಕಳುಹಿಸಿದ ಆಮಂತ್ರಣ ಪತ್ರಗಳು. ತಿನ್ನಿರಿ, ಕುಡಿಯಿರಿ, ಆದರೆ ದುಂದು ಮಾಡಬೇಡಿರಿ ಎಂಬ ಕುರ್‌ಆನಿನ ಆಜ್ಞೆಯನ್ನು (7:31) ಮೀರಿದವರು ನಾವು, ಸಾಯುವುದು ಹೆಗ್ಗಣ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ತೋರಿಸುವವನ ಗಾದೆಯನ್ನು ಇಲ್ಲಿ ನೆನೆಯಬಹುದು.

ಆದ್ದರಿಂದ ಮೊದಲ ಕೆಲಸ ಮನೆಯಿಂದಲೇ ಆರಂಭವಾಗಲಿ. ಉಳಿದ ಅನ್ನವನ್ನು ಹಸಿದವರಿಗೆ ಕೊಡಿ. ಕೊಡಲಾಗದ್ದನ್ನು ಆಳವಾಗಿ ಹೂಳಿ. ಅಕ್ಕಿ, ಕೋಳಿಯ ಆಹಾರವನ್ನು ಮುಚ್ಚಳವಿರುವ ಡ್ರಮ್ಮಿನಲ್ಲಿಡಿ. ಗೋಡೆಗೆ ತಾಗಿಸಿ ರಾಶಿ ಹಾಕಿದ ತೆಂಗಿನ ಸಿಪ್ಪೆ, ಸೌದೆಯನ್ನು ದೂರಕ್ಕೆ ಸರಿಸಿ. ಬಚ್ಚಲ ನೀರು ಹೋಗುವ ತೂತಿಗೆ ಕಬ್ಬಿಣದ ಜಾಳಿಗೆ ಹಾಕಿಸಿ. ಸಂಜೆ ಎಲ್ಲ ಬಿಲಗಳ ಬಾಯಿಯನ್ನೂ ಮಣ್ಣಿನಿಂದ ಮುಚ್ಚಿ. ಬೆಳಗ್ಗೆ ಯಾವುದು ತೆರೆದಿದೆಯೋ ಅದರಲ್ಲಿ ಮಾತ್ರ ಪ್ರಾಣಿ ವಾಸವಾಗಿದೆ. ಬೋನನ್ನು ಅಲ್ಲಿಯೇ ಇಡಿ, ಇಟ್ಟ ಬೋನನ್ನು ದಿನವೂ ತಪ್ಪದೆ ನೋಡಿ. ಮಣ್ಣಿನಲ್ಲಿ ಕೆಲಸ ಮಾಡುವಾಗ ಕಾಲಿನ ಗಾಯವನ್ನು ಮುಚ್ಚಿಕೊಳ್ಳಿ.

"ಒಂದು ಎಕರೆ ಭತ್ತ ನೆಚ್ಚಿ ಬದುಕುವ ಬಡ ರೈತನಿಗೆ ಈ ಸೂಕ್ಷ್ಮಗಳೆಲ್ಲ ಸಾಧ್ಯವೇ?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅವನ ಕಷ್ಟವನ್ನು ಹಗುರವಾಗಿ ಕಾಣುವ ಅಧಿಕಾರ ಹೊಟ್ಟೆ ತುಂಬಿದವರಿಗಿಲ್ಲ. ಬೋನಿನಿಂದ ತೀರದ ಕಡೆ ಅವನು ಕೃಷಿ ಇಲಾಖೆಯವರನ್ನು ಕೇಳಿ, ಜಾಗ್ರತೆಯಿಂದ, ವಿಷವನ್ನು ಬಳಸಬೇಕಾಗಿ ಬರಬಹುದು. ಅಗತ್ಯವು ನಿಷಿದ್ಧವನ್ನು ಸಡಿಲಿಸುತ್ತದೆ, ಆದರೆ ಅಗತ್ಯವಿರುವಷ್ಟೇ ಎಂಬುದು ಫಿಕ್ಹ್‌ನ ನಿಯಮ. ಅವನಿಗೆ ನೆರವಾಗುವ ಇನ್ನೊಂದು ದಾರಿಯೂ ಇದೆ. ಗದ್ದೆಯ ಬದುವನ್ನು ಕಿರಿದಾಗಿ ಇಟ್ಟರೆ ಬಿಲ ತೋಡಲು ಜಾಗ ಸಿಗುವುದಿಲ್ಲ. ಒಬ್ಬನೇ ಇಲಿ ಹಿಡಿದರೆ ಪಕ್ಕದ ಗದ್ದೆಯಿಂದ ಮತ್ತೆ ಬರುತ್ತವೆ. ಸುತ್ತಲಿನವರೆಲ್ಲ ಒಂದೇ ವಾರದಲ್ಲಿ ಕೂಡಿ ಮಾಡಿದರೆ ಮಾತ್ರ ಫಲ ಸಿಗುತ್ತದೆ. ಹೆಗ್ಗಣಕ್ಕೆ ಬೇಲಿಯಿಲ್ಲ, ಜಾತಿಧರ್ಮದ ಭೇದವಿಲ್ಲ. ಆದ್ದರಿಂದ ಮುಸ್ಲಿಮರು, ಹಿಂದೂಗಳು, ಕ್ರೈಸ್ತರು ಎನ್ನದೆ ನೆರೆಕರೆಯವರೆಲ್ಲ ಕುಳಿತು ಮಾತನಾಡಬೇಕು. ನೆರೆಯವನ ಹಕ್ಕನ್ನು ಜಿಬ್ರೀಲ್(ಅ) ಎಷ್ಟು ಒತ್ತಿ ಹೇಳಿದರೆಂದರೆ, ಅವನನ್ನು ವಾರಸುದಾರನನ್ನಾಗಿಯೇ ಮಾಡುವರೇನೋ ಎಂದು ಪ್ರವಾದಿವರ್ಯರಿಗೆ(ಸ) ಅನಿಸಿತ್ತು.

ಯಾರೂ ನೋಡದ ಸ್ಥಳ

ಯಮನಿನ ಮಆರಿಬ್ ಅಣೆಕಟ್ಟು ಒಡೆದು ಸಬಾ ಜನಾಂಗದ ತೋಟಗಳು ನಾಶವಾದುದನ್ನು ಕುರ್‌ಆನ್ ಹೇಳುತ್ತದೆ (34:15-16). ಆ ಕಟ್ಟೆಯ ಬುಡವನ್ನು ಹೆಗ್ಗಣಗಳು ಕೊರೆದವೆಂಬ ವರದಿಗಳನ್ನು ವ್ಯಾಖ್ಯಾನಕಾರರು ಉಲ್ಲೇಖಿಸಿದ್ದಾರೆ. ಕುರ್‌ಆನ್ ಮಾತ್ರ ಹೆಗ್ಗಣವನ್ನು ಹೆಸರಿಸಿಲ್ಲ. ಅದು ಹೆಸರಿಸಿದ ಕಾರಣ ಜನರ ಕೃತಘ್ನತೆ. ನೆಲದಡಿಯ ಶತ್ರುವನ್ನು ಹುಡುಕುವ ನಾವು ಎದೆಯೊಳಗೆ ಬಿಲ ತೋಡುವ ದುರಹಂಕಾರವನ್ನೂ ನಿರ್ದಯತೆಯನ್ನೂ ಮರೆಯಬಾರದು.

ಓದುಗ ಮಿತ್ರರೇ, ಹೆಗ್ಗಣದ ಪರವಾಗಿ ಸಾಕ್ಷಿ ಹೇಳುವವರು ಯಾರೂ ಇಲ್ಲ. ಬಿಲದೊಳಗೆ ಅದು ಹೇಗೆ ಸತ್ತಿತೆಂದು ನಮ್ಮನ್ನು ಯಾರೂ ವಿಚಾರಿಸುವುದಿಲ್ಲ. ನೀವು ಅಲ್ಲಾಹನನ್ನು ಕಾಣದಿದ್ದರೂ ಅವನು ನಿಮ್ಮನ್ನು ಕಾಣುತ್ತಿದ್ದಾನೆ ಎಂಬ ಅರಿವೇ ಇಹ್ಸಾನ್. ನಮಾಝಿನಲ್ಲಿ ಬೇಕಾದ ಆ ಅರಿವು ಹಿತ್ತಿಲಲ್ಲಿ ದೊಣ್ಣೆ ಹಿಡಿದು ನಿಂತಾಗಲೂ ಬೇಕು. ಇಂದು ಸಂಜೆ ನಿಮ್ಮ ಮನೆಯ ಅಂಟು ಹಲಗೆಯನ್ನು ಎಸೆದುಬಿಡಿ. ವಿಷದ ಪೊಟ್ಟಣ ಮಕ್ಕಳ ಕೈಗೆಟಕುವಂತಿದ್ದರೆ ಬೀಗದೊಳಗಿಡಿ. ಹಾನಿಯನ್ನು ತಡೆಯಿರಿ, ಆದರೆ ಹಿಂಸೆಯಿಲ್ಲದೆ ತಡೆಯಿರಿ.

ದುರ್ಬಲ ಜೀವಿಗಳ ಮೇಲೆ ನಮಗಿರುವ ಅಧಿಕಾರವನ್ನು ನ್ಯಾಯದಿಂದ ಬಳಸುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.